ಅನುಕರಣೆ

ಹಿಂಬಾಲಿಸುವಿಕೆಯನ್ನು ಸೂಚಿಸುವ ‘ಅನು’ ಉಪಸರ್ಗಕ್ಕೆ ಸಂಸ್ಕೃತದ ‘ಕೃ’ ಧಾತು ಸೇರಿ ಬಂದ ಈ ಪದಕ್ಕೆ ವಿದ್ಯುತ್ ಜಾಲದ ವರ್ತನೆಯನ್ನು ಗಣಕದಲ್ಲಿ ಲೆಕ್ಕದಿಂದಲೇ ನಡೆಸಿ ನೋಡುವುದು ಎಂಬ ಅರ್ಥವೂ ಈಗ ಸೇರಿದೆ. ‘ಅಣಕು’ ಎಂಬ ದೇಸಿ ಪದವಿದ್ದರೂ ಅದರೊಳಗಿನ ಗೇಲಿ ಇಲ್ಲಿಗೆ ಒಗ್ಗದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ತ್ರೀಫೇಸ್ ಬಂದೊಡನೆ ತೆಂಗಿನ ತೋಟಗಳ ಪಂಪ್‌ಸೆಟ್‌ಗಳು ಒಟ್ಟಿಗೆ ಓಡತೊಡಗಿ, ಫೀಡರಿನ ಕೊನೆಯ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) ವೋಲ್ಟೇಜ್ ಎಷ್ಟು ಕುಸಿಯುತ್ತದೆಂದು ಮೊದಲೇ ತಿಳಿಯಬೇಕಾದರೆ, ವಿತರಣಾ ಸಂಸ್ಥೆಯಾದ ಬೆಸ್ಕಾಂ ಬಲ್ಲ ಫೀಡರಿನ ವಿವರಕ್ಕೆ ಪ್ರಸರಣ ಸಂಸ್ಥೆಯಾದ ಕೆಪಿಟಿಸಿಎಲ್ ಬಲ್ಲ ಪ್ರಸರಣ ಮಾರ್ಗದ ವಿವರವೂ ಕೂಡಬೇಕು; ದಕ್ಷಿಣದ ಜಾಲವು 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದೇಶದ ಜಾಲಕ್ಕೆ ಸೇರಿದ ಮೇಲೆ ಆವರ್ತನವಂತೂ ಎಲ್ಲರಿಗೂ ಒಂದೇ. ಪ್ರತಿ ಸಂಸ್ಥೆಯೂ ತನ್ನ ಮಾದರಿಯನ್ನು ತನ್ನಲ್ಲೇ ಇಟ್ಟುಕೊಂಡು, ಗಡಿಯ ಸಬ್‌ಸ್ಟೇಷನ್ನಿನ ವೋಲ್ಟೇಜ್ ಮತ್ತು ಕರೆಂಟಿನ ಅಂಕಿಗಳನ್ನಷ್ಟೇ ಪರಸ್ಪರ ಕೊಟ್ಟು ಪಡೆಯುವ ವಿಧಾನವನ್ನು ‘ಸಹ-ಅನುಕರಣೆ’ ಎನ್ನಬಹುದು. ಅಲ್ಲಿ ಎರಡು ಗಣಕಗಳ ಕಾಲ ತುಸು ತಪ್ಪಿದರೂ ಉತ್ತರ ಕೆಡುತ್ತದೆ.