ಕವಿಯ ಕಂಠವೂ ಒಂದು ಪಾಠ: ‘ಕಾಡು ಕುದುರೆ’ಯ ಸುತ್ತ ಒಂದು ಟಿಪ್ಪಣಿ

‘ಕಾಡು ಕುದುರೆ’ ಎಂದೊಡನೆ ಕನ್ನಡ ಕೇಳುಗರಿಗೆ ಮೊದಲು ನೆನಪಾಗುವುದು ಶಿವಮೊಗ್ಗ ಸುಬ್ಬಣ್ಣನವರ ಏರುಕಂಠ. ಅದೇ ಹೆಸರಿನ ಚಿತ್ರಕ್ಕೆ ಹಾಡಿದ ಈ ಗೀತೆ ಅವರಿಗೆ 26ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ಹಿನ್ನೆಲೆ ಗಾಯಕ ಪ್ರಶಸ್ತಿ ತಂದಿತು. ಗೀತೆ ಬರೆದವರು ಚಂದ್ರಶೇಖರ ಕಂಬಾರರು. ಸಂಗೀತ ಅವರದೇ, ಚಿತ್ರದ ನಿರ್ದೇಶನವೂ ಅವರದೇ. ಕಂಠವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಬಹುಮಟ್ಟಿಗೆ ಕವಿಯ ಸ್ವತ್ತು. ಆ ಹಾಡನ್ನು ಕಂಬಾರರು ಸಭೆಗಳಲ್ಲಿ, ಕೇಳುಗರು ಒತ್ತಾಯಿಸಿದಾಗಲೆಲ್ಲ, ತಾವೇ ಹಾಡುತ್ತ ಬಂದಿದ್ದಾರೆ. ಹಾಗೆ ಹಾಡಿದ್ದನ್ನು ಸಂಶೋಧಕರು ಏನೆಂದು ದಾಖಲಿಸಬೇಕು ಎಂಬುದೇ ಇಲ್ಲಿಯ ಪ್ರಶ್ನೆ.

ಹುಬ್ಬಳ್ಳಿಯ ವಿದ್ಯಾನಗರದಂಥ ಕಾಲೇಜುಗಳ ಬಡಾವಣೆಯಲ್ಲಿ ಭಾವಗೀತೆ ಕಲಿಯುವ ಹುಡುಗ ಹುಡುಗಿಯರು ಸುಬ್ಬಣ್ಣನವರ ಧಾಟಿಯನ್ನೇ ಮೂಲವೆಂದು ಹಿಡಿಯುತ್ತಾರೆ. ಅದು ತಪ್ಪಲ್ಲ, ಆ ಧಾಟಿಯಿಂದಲೇ ಹಾಡು ನಾಡಿಗೆಲ್ಲ ಮುಟ್ಟಿದ್ದು. ಆದರೆ ಕವಿ ಹಾಡಿದ್ದನ್ನು ಸಮಾರಂಭದ ಶೋಭೆಯೆಂದು ಬದಿಗಿಡುವುದು ಸರಿಯಲ್ಲ ಎಂಬುದು ನನ್ನ ನಿಲುವು.

ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯವರು. ಲಾವಣಿ, ದೊಡ್ಡಾಟ, ಸಣ್ಣಾಟಗಳನ್ನು ಕೇಳುತ್ತ ಬೆಳೆದವರು. ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಅವರು ಸಲ್ಲಿಸಿದ ಪಿಎಚ್.ಡಿ. ಪ್ರಬಂಧದ ವಿಷಯವೇ ಉತ್ತರ ಕರ್ನಾಟಕದ ಜನಪದ ರಂಗಭೂಮಿ. ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ಸಂಪಾದಿಸಿದವರೂ ಅವರೇ. ಈ ಪರಂಪರೆಯಲ್ಲಿ ಹಾಡೆಂಬುದು ಮುಮ್ಮೇಳ ಹಿಮ್ಮೇಳಗಳ ನಡುವೆ ಹುಟ್ಟುತ್ತದೆ. ಮುಂದಿನವನು ನುಡಿ ಎತ್ತಿಕೊಡುತ್ತಾನೆ, ಹಿಂದಿನವರು ಪಲ್ಲ ಹಿಡಿದು ತಿರುಗಿಸುತ್ತಾರೆ. ನುಡಿಯನ್ನು ಎಷ್ಟು ಸಲ ತಿರುಗಿಸಬೇಕು, ಎಲ್ಲಿ ಎಳೆಯಬೇಕು ಎಂಬುದು ಆ ಹೊತ್ತಿನ ಮಂದಿಯನ್ನು ನೋಡಿ ತೀರ್ಮಾನವಾಗುವ ಮಾತು. ಚಿತ್ರದ ಧ್ವನಿಮುದ್ರಣಕ್ಕೆ ಈ ಸ್ವಾತಂತ್ರ್ಯವಿಲ್ಲ. ಕಾಲಾವಧಿ, ವಾದ್ಯಮೇಳ, ಆವರ್ತಗಳ ಲೆಕ್ಕ ಎಲ್ಲವೂ ಒಮ್ಮೆ ಗೊತ್ತಾದರೆ ಮುಗಿಯಿತು. ಸುಬ್ಬಣ್ಣನವರು ಆ ಚೌಕಟ್ಟಿನೊಳಗೇ ಕುದುರೆಯ ಓಟವನ್ನು ದಮ್ಮಿನಿಂದ ಕಟ್ಟಿಕೊಟ್ಟರು. ಅದು ದೊಡ್ಡ ಗಾಯಕನ ಕೆಲಸ. ವಾದ್ಯದ ಆಸರೆಯಿಲ್ಲದೆ ಕಂಬಾರರು ಹಾಡುವಾಗ ಮಾತಿನ ತೂಕವೇ ಲಯವನ್ನು ನಡೆಸುತ್ತದೆ. ಇಲ್ಲಿ ಕೇಳಿಸುವುದು ಲಾವಣಿಕಾರನ ಉಸಿರು.

ಉಚ್ಚಾರದ ವಿಷಯವನ್ನೂ ಹೇಳಲೇಬೇಕು. ‘ಬ್ಯಾಡ’, ‘ಬ್ಯಾರೆ’ ಎಂದು ನಾವು ಬರೆಯುವಲ್ಲಿ ಧಾರವಾಡ ಬೆಳಗಾವಿ ಸೀಮೆಯ ಬಾಯಲ್ಲಿ ಯಕಾರವಿಲ್ಲ. ಎ ಮತ್ತು ಆ ನಡುವಿನ ಒಂದು ತೆರೆದ ಸ್ವರವಿದೆ, ಅದಕ್ಕೆ ನಮ್ಮ ಲಿಪಿಯಲ್ಲಿ ಬೇರೆ ಚಿಹ್ನೆಯಿಲ್ಲ. ಅಚ್ಚಿನ ಪ್ರತಿ ನೋಡಿ ಹಾಡುವವರಿಗೆ ಈ ಸ್ವರ ದಕ್ಕುವುದು ಕಷ್ಟ. ಈ ಸೀಮೆಯ ಕವಿ ತನ್ನ ಹಾಡನ್ನು ತಾನೇ ಹಾಡಿದ ಧ್ವನಿಮುದ್ರಣ, ಅಚ್ಚಿನಲ್ಲಿ ಕಳೆದುಹೋದ ಈ ಸ್ವರವನ್ನು ಉಳಿಸಿಕೊಡುತ್ತದೆ. ಛಂದಸ್ಸಿನ ಚರ್ಚೆಗೂ ಅದು ಬೇಕು. ಸಾಲಿನ ಕೊನೆಯ ಸ್ವರವನ್ನು ಕವಿ ಎಷ್ಟು ಎಳೆಯುತ್ತಾನೆ ಎಂದು ತಿಳಿಯದೆ ಮಾತ್ರೆ ಎಣಿಸುವುದು ಅರ್ಧ ಕೆಲಸ.

ಬೇಂದ್ರೆಯವರ ಸಂಗತಿಯೂ ಇದಕ್ಕೆ ದೂರದ್ದಲ್ಲ. 1932ರ ‘ಗರಿ’ ಸಂಕಲನದ ‘ಬೆಳಗು’ ಕವಿತೆ 1967ರ ‘ಬೆಳ್ಳಿಮೋಡ’ದಲ್ಲಿ ವಿಜಯಭಾಸ್ಕರರ ಸಂಗೀತದೊಡನೆ ಚಿತ್ರಗೀತೆಯಾಯಿತು. ಕವಿತೆಯನ್ನು ಲಯಬದ್ಧವಾಗಿ, ಕೈಬೀಸಿ, ಹಾಡಿನ ಅಂಚಿಗೆ ಒಯ್ದು ಹೇಳುತ್ತಿದ್ದ ಬೇಂದ್ರೆಯವರು 1981ರವರೆಗೆ ಬದುಕಿದ್ದರು. ಸಿನಿಮಾದ ಧಾಟಿ ಮನೆಮಾತಾದ ಮೇಲೂ ಕವಿಯ ವಾಚನ ಹದಿನಾಲ್ಕು ವರ್ಷ ಅದರ ಜೊತೆಗೇ ಇತ್ತು. ಶಿಶುನಾಳ ಶರೀಫರ ವಿಷಯದಲ್ಲಿ ಆ ಭಾಗ್ಯ ನಮಗಿಲ್ಲ. ಅವರು ತೀರಿಕೊಂಡದ್ದು 1889ರಲ್ಲಿ, ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ. ಇಂದು ಹೆಚ್ಚು ಜನರಿಗೆ ಪರಿಚಿತವಾಗಿರುವುದು ಸಿ. ಅಶ್ವತ್ಥರು ಹಾಡಿದ ಶರೀಫರ ಪದಗಳು. ಅವಕ್ಕೆ ಎದುರಿಟ್ಟು ನೋಡಲು ನಮ್ಮಲ್ಲಿರುವುದು ಹಳ್ಳಿಯ ಭಜನಾಮಂಡಳಿಗಳ ಧಾಟಿಗಳು ಮಾತ್ರ.

ಅಮೆರಿಕದ ಕ್ಯಾರೋಲ್ ಕಿಂಗ್ ಅವರ ಉದಾಹರಣೆ ಇಲ್ಲಿ ಉಪಯುಕ್ತ. ‘ನ್ಯಾಚುರಲ್ ವುಮನ್’ ಹಾಡಿನ ಸ್ವರ ಸಂಯೋಜಿಸಿದವರು ಅವರು, 1967ರಲ್ಲಿ ಅದನ್ನು ಪ್ರಸಿದ್ಧಗೊಳಿಸಿದವರು ಅರೀಥಾ ಫ್ರಾಂಕ್ಲಿನ್. 1971ರ ‘ಟ್ಯಾಪಿಸ್ಟ್ರಿ’ ಧ್ವನಿಫಲಕದಲ್ಲಿ ಕಿಂಗ್ ತಾವೇ ಪಿಯಾನೋ ನುಡಿಸುತ್ತ ಹಾಡಿದರು. ಅಲ್ಲಿ ಎರಡೂ ರೂಪಗಳ ವರ್ಷ, ಧ್ವನಿಫಲಕ, ವಾದ್ಯಗಾರರು ಎಲ್ಲವೂ ದಾಖಲೆಯಲ್ಲಿವೆ, ಹೋಲಿಕೆ ಸುಲಭ. ನಮ್ಮ ಕವಿಗಳು ಹಾಡಿದ್ದು ಬಹುತೇಕ ಸಭೆಗಳಲ್ಲಿ. ಅದರ ಪ್ರತಿಗಳು ಮನೆಗಳ ಕಪಾಟಿನಲ್ಲಿ, ತಾರೀಖಿಲ್ಲದ ಕ್ಯಾಸೆಟ್ಟುಗಳಲ್ಲಿ ಉಳಿದಿವೆ.

ಹಾಗಾಗಿ ಸಂಪಾದಕರು ಕವಿಯ ಪ್ರತಿ ಹಾಡಿಕೆಯನ್ನೂ ಒಂದೊಂದು ಪಾಠವೆಂದು ಎಣಿಸಿ, ಸ್ಥಳ ಮತ್ತು ದಿನಾಂಕದ ಸಮೇತ ನಮೂದಿಸಬೇಕು. ಕವಿ ಹಾಡಿದ್ದೇ ಅಂತಿಮ ಎಂಬ ಹಟ ಬೇಡ. ಸುಬ್ಬಣ್ಣನವರ ‘ಕಾಡು ಕುದುರೆ’ ಗಾಯನವಾಗಿ ಮೇಲು, ಕಂಬಾರರದು ಸಾಕ್ಷ್ಯವಾಗಿ ಮೇಲು.

2019ರ ಜನವರಿಯಲ್ಲಿ ಧಾರವಾಡದಲ್ಲಿ ನಡೆದ 84ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕಂಬಾರರೇ ಅಧ್ಯಕ್ಷರು. ಆ ದಿನಗಳಲ್ಲಿ ಮೊಬೈಲು ಹಿಡಿದು ನಿಂತವರು ಹುಬ್ಬಳ್ಳಿ ಧಾರವಾಡ ಅವಳಿ ನಗರದಲ್ಲಿ ಸಾವಿರಾರು ಮಂದಿ. ವಿದ್ಯಾನಗರದ ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ: ಕಾಲೇಜಿನ ಸಮಾರಂಭದಲ್ಲಾಗಲಿ, ಸಮ್ಮೇಳನದಲ್ಲಾಗಲಿ ಕವಿಯೊಬ್ಬರು ತಮ್ಮ ಹಾಡನ್ನು ತಾವೇ ಹಾಡಿದ ಮುದ್ರಣ ನಿಮ್ಮಲ್ಲಿದ್ದರೆ ಅಳಿಸಬೇಡಿ. ಊರು, ತಾರೀಖು, ಸಂದರ್ಭ ಬರೆದು ಅದರ ಪ್ರತಿಯೊಂದನ್ನು ನಿಮ್ಮ ಕಾಲೇಜಿನ ಕನ್ನಡ ವಿಭಾಗಕ್ಕೆ ಕೊಡಿ.