ಬಾರ್ಕೂರು ಕೋಟೆಯ ಅವಶೇಷಗಳು

ಸ್ಥಳ: ಬಾರ್ಕೂರು, ಬ್ರಹ್ಮಾವರ ತಾಲ್ಲೂಕು, ಉಡುಪಿ ಜಿಲ್ಲೆ.

ಹಿನ್ನೆಲೆ: ಸೀತಾ ನದಿಯ ಸಮೀಪದಲ್ಲಿರುವ ಬಾರ್ಕೂರು ಆಳುಪ ಅರಸರ ರಾಜಧಾನಿಯಾಗಿತ್ತು. ವಿಜಯನಗರದ ಆಳ್ವಿಕೆಯಲ್ಲಿ ಇದು ಬಾರಕೂರು ರಾಜ್ಯವೆಂಬ ಪ್ರಾಂತ್ಯದ ಆಡಳಿತ ಕೇಂದ್ರವಾಯಿತು.

ಸಾಹಿತ್ಯದಲ್ಲಿ ಉಲ್ಲೇಖ: ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತನು 14ನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಂಚರಿಸಿ, 1355ರಲ್ಲಿ ತನ್ನ ಪ್ರವಾಸ ಕಥನ ‘ರಿಹ್ಲಾ’ವನ್ನು ಅರಬ್ಬೀ ಭಾಷೆಯಲ್ಲಿ ಹೇಳಿ ಬರೆಯಿಸಿದನು. ಅದರಲ್ಲಿ ಬರುವ ‘ಫಾಕನೂರ್’ ಬಂದರನ್ನು ವಿದ್ವಾಂಸರು ಬಾರ್ಕೂರೆಂದು ಗುರುತಿಸಿದ್ದಾರೆ. ಇಲ್ಲಿನ ಹೇರಳವಾದ ಕಬ್ಬು, ಅರಸನ ಸುಮಾರು 30 ಯುದ್ಧನೌಕೆಗಳು, ಹಾದುಹೋಗುವ ಹಡಗುಗಳು ಲಂಗರು ಹಾಕಿ ಸಲ್ಲಿಸಬೇಕಾಗಿದ್ದ ಬಂದರು ಕಾಣಿಕೆ ಇವುಗಳನ್ನು ಅವನು ವರ್ಣಿಸಿದ್ದಾನೆ.

ನೋಡತಕ್ಕ ಸ್ಥಳಗಳು: ಕೋಟೆ ಪೂರ್ಣವಾಗಿ ಉಳಿದಿಲ್ಲ, ಅವಶೇಷಗಳನ್ನು ಮಾತ್ರ ಕಾಣಬಹುದು. ಕತ್ತಲೆ ಬಸದಿ, ಕೋಟೆಕೇರಿಯ ಪಂಚಲಿಂಗೇಶ್ವರ ದೇವಾಲಯ ಹಾಗೂ ಚೌಳಿಕೇರಿಯ ಗಣಪತಿ ದೇವಾಲಯವನ್ನೂ ಸಂದರ್ಶಿಸಬಹುದು. ‘ಕೋಟೆಕೇರಿ’ ಎಂಬ ಹೆಸರೇ ಹಳೆಯ ನಗರದ ವಿನ್ಯಾಸವನ್ನು ನೆನಪಿಸುತ್ತದೆ.

ತಲುಪುವ ಬಗೆ: ಬೈಂದೂರು, ಕುಂದಾಪುರ ಕಡೆಯಿಂದ ಬರುವವರು ರಾಷ್ಟ್ರೀಯ ಹೆದ್ದಾರಿ 66ರ ಮೂಲಕ ಬ್ರಹ್ಮಾವರಕ್ಕೆ ಬಂದು, ಅಲ್ಲಿಂದ ರಸ್ತೆಯಲ್ಲಿ ಬಾರ್ಕೂರನ್ನು ತಲುಪಬಹುದು. ಕೊಂಕಣ ರೈಲು ಮಾರ್ಗದಲ್ಲಿ ಬಾರ್ಕೂರು ನಿಲ್ದಾಣವಿದೆ.

ಸಾರ್ವಜನಿಕರ ಗಮನಕ್ಕೆ: ಗ್ರಂಥದಲ್ಲಿ ಹೇಳಿರುವುದನ್ನು ನೆಲದ ಮೇಲೆ ಪರಿಶೀಲಿಸಲು ಉಳಿದಿರುವ ಆಧಾರಗಳು ಈ ಕಲ್ಲುಗಳು ಮತ್ತು ಶಾಸನಗಳೇ. ಸ್ಥಳದಿಂದ ಕದಲಿಸಿದ ಕಲ್ಲು ತನ್ನ ಸಾಕ್ಷ್ಯವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಕಲ್ಲುಗಳನ್ನು ಕೀಳುವುದಾಗಲಿ, ಶಾಸನಗಳ ಮೇಲೆ ಸುಣ್ಣ ಅಥವಾ ಬಣ್ಣ ಬಳಿಯುವುದಾಗಲಿ ಮಾಡಬಾರದು. ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ ಹಾನಿ ಮಾಡಿದವರು 1958ರ ಅಧಿನಿಯಮದಂತೆ 2 ವರ್ಷಗಳವರೆಗಿನ ಕಾರಾವಾಸ ಅಥವಾ 1 ಲಕ್ಷ ರೂಪಾಯಿಗಳವರೆಗಿನ ಜುಲ್ಮಾನೆ ಅಥವಾ ಇವೆರಡಕ್ಕೂ ಗುರಿಯಾಗುತ್ತಾರೆ.