ತೊಟ್ಟ ಅಂಗಿ, ಬಿಟ್ಟ ಅಂಗಿ

1969 ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ. ಆಗ ನಾನು ಹಳ್ಳಿಯೊಂದರ ಮಾಧ್ಯಮಿಕ ಶಾಲೆಯಲ್ಲಿ ಹೊಸ ಮೇಷ್ಟ್ರು. ಅಕ್ಟೋಬರ್ 2ರಂದು ಮಕ್ಕಳಿಂದ ಒಂದು ರೂಪಕ ಆಡಿಸುವ ಉತ್ಸಾಹದಲ್ಲಿ, ಗಾಂಧೀಜಿಯ ಪಾತ್ರಕ್ಕೆ ಏಳನೆಯ ತರಗತಿಯ ಅತ್ಯಂತ ತೆಳ್ಳನೆಯ ಹುಡುಗನನ್ನು ಆರಿಸಿದೆ. ಊರ ಹೊರಗಿನ ಕೇರಿಯಿಂದ ಬರುತ್ತಿದ್ದವನು. ಉಚ್ಚಾರಣೆ ಸ್ಪಷ್ಟ, ನೆನಪಿನ ಶಕ್ತಿ ಚೆನ್ನಾಗಿತ್ತು. ಮಾತುಗಳನ್ನೆಲ್ಲ ಎರಡೇ ದಿನದಲ್ಲಿ ಬಾಯಿಪಾಠ ಮಾಡಿದ. ಆದರೆ ಅಂಗಿ ಕಳಚಿ ಪಂಚೆ ಸುತ್ತಿಕೊಳ್ಳೆಂದಾಗ ನೆಲ ನೋಡುತ್ತ ನಿಂತುಬಿಟ್ಟ.

"ಸಾ, ಅಂಗಿ ಬಿಚ್ಚಾಕಿಲ್ಲ. ಮನೇಲಿ ನಾವೆಲ್ಲ ಹಂಗೇ ಇರ್ತೀವಲ್ಲ ಸಾ."

ಗಾಂಧೀಜಿಯೇ ಬಿಚ್ಚಿದ ಮೇಲೆ ನಿನಗೇನೋ ನಾಚಿಕೆ ಎಂದು ನಾನು ಗದರಿದೆ. ಆ ಗದರಿಕೆಯ ಅರ್ಥ ನನಗೇ ಆಗಲು ಬಹಳ ವರ್ಷ ಬೇಕಾಯಿತು. ಗಾಂಧೀಜಿಯ ಆತ್ಮಕಥೆಯನ್ನು ಪುನಃ ಓದಿದಾಗಲೆಲ್ಲ ಅವರ ಉಡುಗೆಯ ಪ್ರಸಂಗಗಳು ಬಂದೊಡನೆ ಆ ಹುಡುಗ ಕಣ್ಣೆದುರು ನಿಲ್ಲುತ್ತಾನೆ.

ಉಡುಪಿನ ಹುಚ್ಚು ಗಾಂಧೀಜಿಯವರಿಗೂ ಹಿಡಿದಿತ್ತೆಂಬುದನ್ನು ನಾವು ಮಕ್ಕಳಿಗೆ ಹೇಳುವುದೇ ಇಲ್ಲ. 1888ರಲ್ಲಿ ಲಂಡನ್ನಿಗೆ ಬಂದಿಳಿದ ಹರೆಯದ ಮೋಹನದಾಸರು ಆ ದಿನವೇ ಹೋಟೆಲಿನಲ್ಲಿ ತಮ್ಮನ್ನು ಕಾಣಲು ಬಂದ ಡಾಕ್ಟರ್ ಪ್ರಾಣಜೀವನ ಮೆಹ್ತಾ ಅವರ ರೇಷ್ಮೆನುಣುಪಿನ ಎತ್ತರದ ಟೊಪ್ಪಿಗೆಯನ್ನು ಕೈಗೆತ್ತಿಕೊಂಡು, ಕುತೂಹಲದಿಂದ ಅದರ ರೋಮವನ್ನು ವಿರುದ್ಧ ದಿಕ್ಕಿಗೆ ಸವರಿ ಕೆಡಿಸಿಬಿಟ್ಟರು. ಮೆಹ್ತಾ ಸಿಡುಕಿದರು. ಸ್ವಲ್ಪ ದಿನಗಳಲ್ಲೇ ಗಾಂಧಿಯವರೂ 19 ಷಿಲ್ಲಿಂಗ್ ಕೊಟ್ಟು ಅಂತಹ ಟೊಪ್ಪಿಗೆ ಕೊಂಡರು. ಬಾಂಡ್ ಸ್ಟ್ರೀಟಿನಲ್ಲಿ 10 ಪೌಂಡ್ ತೆತ್ತು ಸಂಜೆಯ ಸೂಟು ಹೊಲಿಸಿದರು. ಊರಿನಲ್ಲಿದ್ದ ಅಣ್ಣನಿಗೆ ಬರೆದು ಚಿನ್ನದ ಜೋಡಿ ಗಡಿಯಾರದ ಸರಪಳಿ ತರಿಸಿಕೊಂಡರು. ಟೈ ಕಟ್ಟಿ ಬೈತಲೆ ತಿದ್ದಲು ದಿನವೂ ಹತ್ತು ನಿಮಿಷ ನಿಲುವುಗನ್ನಡಿಯ ಮುಂದೆ ಕಳೆಯುತ್ತಿದ್ದರಂತೆ. ಊರಿನಲ್ಲಿದ್ದಾಗಲಾದರೋ ಮನೆಯ ಕ್ಷೌರಿಕ ಬಂದ ದಿನ ಮಾತ್ರ ಕನ್ನಡಿಯ ದರ್ಶನ! ನೃತ್ಯ, ಪಿಟೀಲು, ಭಾಷಣಕಲೆ ಎಲ್ಲದರ ಪಾಠವೂ ಆರಂಭವಾಯಿತು. ಈ ಮೋಹ ಸುಮಾರು ಮೂರು ತಿಂಗಳು ನಡೆಯಿತೆಂದೂ, ಉಡುಪಿನ ಅಚ್ಚುಕಟ್ಟು ಮಾತ್ರ ವರ್ಷಗಟ್ಟಲೆ ಉಳಿಯಿತೆಂದೂ ಅವರೇ ಒಪ್ಪಿಕೊಂಡಿದ್ದಾರೆ.

ಇಷ್ಟೆಲ್ಲ ಸೂಟು ತೊಟ್ಟವರಿಗೆ ಧೈರ್ಯ ಬಂದಿತೇ? 1891ರಲ್ಲಿ ಬ್ಯಾರಿಸ್ಟರರಾಗಿ ಮರಳಿ ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ತಲೆ ಸುತ್ತಿತು, ನ್ಯಾಯಾಲಯವೇ ತಿರುಗಿದಂತಾಯಿತು. ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕುಳಿತು, ಪಡೆದಿದ್ದ 30 ರೂಪಾಯಿ ಶುಲ್ಕವನ್ನು ಹಿಂದಿರುಗಿಸಿದರು.

ಅದೇ ಮನುಷ್ಯ 1893ರಲ್ಲಿ ಡರ್ಬನ್ ನ್ಯಾಯಾಲಯದಲ್ಲಿ ಬೇರೆಯೇ ಆಗಿ ಕಾಣುತ್ತಾರೆ. ಮೈಮೇಲೆ ಫ್ರಾಕ್ ಕೋಟು, ತಲೆಗೆ ಬಂಗಾಳಿ ಮಾದರಿಯ ಪೇಟ. ಮ್ಯಾಜಿಸ್ಟ್ರೇಟರು ಪೇಟ ತೆಗೆಯೆಂದರು. ಇವರು ನಿರಾಕರಿಸಿ ಹೊರನಡೆದರು. ಅವಮಾನದ ಗೊಡವೆಯೇ ಬೇಡವೆಂದು ಇಂಗ್ಲಿಷ್ ಟೊಪ್ಪಿಗೆ ಹಾಕಿಕೊಳ್ಳುವ ಯೋಚನೆಯೂ ಒಮ್ಮೆ ಸುಳಿದಿತ್ತು. ಅವರನ್ನು ಕರೆಸಿಕೊಂಡಿದ್ದ ವರ್ತಕ ಅಬ್ದುಲ್ಲಾ ಸೇಠರು, ಅದನ್ನು ಹಾಕಿಕೊಂಡರೆ ಹೋಟೆಲಿನ ಮಾಣಿಯೆಂದೇ ತಿಳಿಯುತ್ತಾರೆ ಎಂದು ಎಚ್ಚರಿಸಿದರು. (ಮಾಣಿಗಳ ಬಗ್ಗೆ ಸೇಠರಿಗಿದ್ದ ತಾತ್ಸಾರವನ್ನೂ ಗಾಂಧಿಯವರು ಆ ಮಾತಿನಲ್ಲಿ ಗುರುತಿಸಿದ್ದಾರೆ.) ಮರುವರ್ಷ ನೆಟಾಲಿನ ಸುಪ್ರೀಂ ಕೋರ್ಟಿನಲ್ಲಿ ವಕೀಲರಾಗಿ ಪ್ರಮಾಣ ಸ್ವೀಕರಿಸಿದಾಗ ಮುಖ್ಯ ನ್ಯಾಯಾಧೀಶರು ಪೇಟ ತೆಗೆಯಲು ಹೇಳಿದರು, ಈ ಸಲ ತೆಗೆದುಬಿಟ್ಟರು! ಸೇಠರಿಗೆ ಬೇಸರ. ದೊಡ್ಡ ಹೋರಾಟಗಳಿಗಾಗಿ ಶಕ್ತಿಯನ್ನು ಉಳಿಸಿಕೊಳ್ಳಬೇಕೆಂಬುದು ಗಾಂಧಿಯವರ ಲೆಕ್ಕ. ಹಟ ಹಿಡಿದದ್ದಕ್ಕಿಂತ ಬಿಟ್ಟುಕೊಟ್ಟ ಈ ಗಳಿಗೆಯಲ್ಲೇ ಅವರ ಆತ್ಮವಿಶ್ವಾಸ ಹೆಚ್ಚಾಗಿ ಕಾಣುತ್ತದೆಂದು ನನಗೆ ಅನ್ನಿಸುತ್ತದೆ.

ಆ ಪೇಟದ ಕಥೆ ಅಲ್ಲಿಗೇ ಮುಗಿಯಲಿಲ್ಲ. 1897ರ ಜನವರಿಯಲ್ಲಿ ಡರ್ಬನ್ನಿನ ಬೀದಿಯಲ್ಲಿ ಉದ್ರಿಕ್ತ ಬಿಳಿಯರ ಗುಂಪು ಅವರನ್ನು ಮುತ್ತಿದಾಗ, ಒಬ್ಬನು ಪೇಟವನ್ನು ಕಿತ್ತುಕೊಂಡ, ಉಳಿದವರು ಹೊಡೆದರು. ಅಂದು ರಾತ್ರಿ ಗುಂಪಿನ ಕಣ್ಣು ತಪ್ಪಿಸಲು ಅವರು ಭಾರತೀಯ ಪೊಲೀಸ್ ಪೇದೆಯ ವೇಷ ತೊಟ್ಟು, ತಲೆಯ ಮೇಲೆ ತಟ್ಟೆಯಿಟ್ಟು ಅದರ ಸುತ್ತ ಮದರಾಸಿನ ವಸ್ತ್ರ ಬಿಗಿದು ಪಾರಾದರು.

1915ರಲ್ಲಿ ಸ್ವದೇಶಕ್ಕೆ ಬಂದಾಗ ಕಾಠಿಯಾವಾಡಿ ರುಮಾಲು. ಅನಂತರ ಬಿಳಿಯ ಖಾದಿ ಟೋಪಿ. 1921ರ ಸೆಪ್ಟೆಂಬರ್ 22ರಂದು ಮಧುರೈಯಲ್ಲಿ ಅದೂ ಹೋಯಿತು. ವಿದೇಶಿ ಬಟ್ಟೆ ಬಿಡಿರೆಂದರೆ, ಖಾದಿ ಕೊಳ್ಳಲು ನಮ್ಮಲ್ಲಿ ಹಣವೆಲ್ಲಿದೆ ಎಂದು ಬಡವರು ಕೇಳುತ್ತಿದ್ದರು. ಅದಕ್ಕೆ ಉತ್ತರವಾಗಿ ಟೋಪಿಯನ್ನೂ ಅಂಗಿಯನ್ನೂ ತ್ಯಜಿಸಿ ಮೊಣಕಾಲ ಮೇಲಿನ ಪಂಚೆ ಉಟ್ಟರು. ಅಕ್ಟೋಬರ್ 31ರವರೆಗೆ ಎಂದು ಆರಂಭವಾದ ನಿರ್ಧಾರ ಕೊನೆಯವರೆಗೂ ನಡೆಯಿತು. ಹತ್ತು ವರ್ಷಗಳ ಅನಂತರ ಅದೇ ಉಡುಗೆಯಲ್ಲಿ, ಮೇಲೊಂದು ಶಾಲು ಹೊದ್ದು, ಬಕಿಂಗ್‌ಹ್ಯಾಮ್ ಅರಮನೆಯ ಚಹಾಕೂಟಕ್ಕೂ ಹೋಗಿಬಂದರು.

ಆದರೆ 1931ರ ಆ ದುಂಡುಮೇಜಿನ ಪರಿಷತ್ತಿನಲ್ಲಿ ಸೂಟು ಧರಿಸಿದ ಇನ್ನೊಬ್ಬ ಭಾರತೀಯ ಬ್ಯಾರಿಸ್ಟರರೂ ಕುಳಿತಿದ್ದರು, ಡಾ. ಬಿ.ಆರ್. ಅಂಬೇಡ್ಕರ್. ಅವರಿಗೆ ಬಟ್ಟೆಯೆಂದರೆ ಎಷ್ಟು ಗಂಭೀರ ವಿಷಯವೆಂಬುದು 1927ರ ಡಿಸೆಂಬರಿನ ಮಹಾಡ್ ಸಮ್ಮೇಳನದಲ್ಲಿಯೇ ಕಂಡಿತ್ತು. ಅಲ್ಲಿ ನೆರೆದ ಅಸ್ಪೃಶ್ಯ ಸಮುದಾಯದ ಹೆಣ್ಣುಮಕ್ಕಳಿಗೆ, ನೀವು ಸೀರೆ ಉಡುವ ಬಗೆ, ಮೈಮೇಲೆ ಹೇರಿಕೊಳ್ಳುವ ಒಡವೆಗಳೇ ನಿಮ್ಮ ಜಾತಿಯನ್ನು ಸಾರುತ್ತವೆ. ಬಟ್ಟೆ ಹರಿದಿದ್ದರೂ ಶುಭ್ರವಾಗಿರಲಿ, ಸೀರೆಯನ್ನು ಮೇಲ್ಜಾತಿಯವರಂತೆ ಉದ್ದಕ್ಕೆ ಉಡಿರಿ ಎಂದು ತಿಳಿಹೇಳಿದರು. ಅನೇಕರು ಕೂಡಲೇ ಹಾಗೆ ಉಟ್ಟು ತೋರಿಸಿದರು.

ಬ್ಯಾರಿಸ್ಟರ್ ಗಾಂಧಿಯವರ ಪೆಟ್ಟಿಗೆಯಲ್ಲಿ ಒಂದು ಕಾಲಕ್ಕೆ ಬಾಂಡ್ ಸ್ಟ್ರೀಟಿನ ಸೂಟಿತ್ತು. ಆದ್ದರಿಂದ ಅವರು ಬಿಟ್ಟದ್ದು ತ್ಯಾಗವೆನಿಸಿತು. ಅಂಗಿಯೇ ಇಲ್ಲದವನು ಬರಿಮೈಯಲ್ಲಿ ನಿಂತರೆ ಅದನ್ನು ಯಾರೂ ತ್ಯಾಗವೆನ್ನುವುದಿಲ್ಲ. ನಮ್ಮೂರುಗಳಲ್ಲಿ ಅಂಬೇಡ್ಕರರ ಪ್ರತಿಮೆ ನೀಲಿ ಸೂಟಿನಲ್ಲಿಯೇ ಏಕೆ ನಿಲ್ಲುತ್ತದೆಂದು ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಕೊಂಕಿನಿಂದ ಕೇಳುತ್ತಿದ್ದರು. ಆಗ ನನಗೆ ಉತ್ತರ ಹೊಳೆದಿರಲಿಲ್ಲ. ಏಳನೆಯ ತರಗತಿಯ ಹುಡುಗ ಮಾತ್ರ ಅದನ್ನು ಒಂದೇ ವಾಕ್ಯದಲ್ಲಿ ಹೇಳಿದ್ದ.

ಕೊನೆಗೆ ಗಾಂಧೀಜಿಯ ಪಾತ್ರವನ್ನು ಊರಿನ ಅನುಕೂಲಸ್ಥರ ಮನೆಯ ಹುಡುಗನೊಬ್ಬ ಮಾಡಿದ. ಅಂಗಿ ಕಳಚಲು ಅವನಿಗೆ ಏನೂ ಅನ್ನಿಸಲಿಲ್ಲ, ಸಭೆಯ ಮುಂದೆ ನಕ್ಕೂಬಿಟ್ಟ. ಈ ಹುಡುಗನಿಗೆ ಸೂತ್ರಧಾರನ ಮಾತುಗಳನ್ನು ಕೊಟ್ಟೆ. ಅಂದು ತೆಗೆಸಿದ ಗುಂಪಿನ ಫೋಟೋ ಈಗಲೂ ನನ್ನ ಬಳಿ ಇದೆ, ಅಂಚು ಹಳದಿಗಟ್ಟಿದೆ. ಹಿಂದಿನ ಸಾಲಿನ ಎಡತುದಿಯಲ್ಲಿ ಅವನು ಎದೆ ಸೆಟೆಸಿ ನಿಂತಿದ್ದಾನೆ. ಅಳತೆಗೆ ದೊಡ್ಡದಾದ ಅಂಗಿ, ಯಾರದೋ ಕೊಟ್ಟದ್ದಿರಬೇಕು. ಕತ್ತಿನ ಗುಂಡಿಯನ್ನೂ ಬಿಡದೆ ಹಾಕಿಕೊಂಡಿದ್ದಾನೆ.